ದೆಹಲಿಯ ಕೋಹ್ರಾ, ಬೆಳಗಿನ ವಿಮಾನ ಮತ್ತು ಹವಾಮಾನ ಇಲಾಖೆಯ ಮುನ್ಸೂಚನೆ

ನನ್ನೂರು ಹಾಸನದ ಹತ್ತಿರ. ಅಲ್ಲಿ ಮಂಜು ಬಿದ್ದರೆ ಅಮ್ಮನಿಗೆ ಖುಷಿ, ಅವರೆಕಾಯಿಗೆ ಸೊಗಡು ಬರುತ್ತೆ ಅಂತ. ಎಂಟೂವರೆಗೆ ಬಿಸಿಲು ಬಿದ್ದರೆ ಎಲ್ಲ ಮಾಯ. ನೋಯ್ಡಾಕ್ಕೆ ಬಂದ ಮೊದಲ ಜನವರಿಯಲ್ಲಿ ಮಧ್ಯಾಹ್ನ ಹನ್ನೆರಡಾದರೂ ಎದುರಿನ ಅಪಾರ್ಟ್‌ಮೆಂಟ್ ಕಾಣಲಿಲ್ಲ. ಇಲ್ಲಿನವರು ಇದಕ್ಕೆ ಕೋಹ್ರಾ ಅನ್ನುತ್ತಾರೆ.

ತಿಂಗಳಿಗೆರಡು ಸಲ ಬೆಂಗಳೂರಿಗೆ ಬೆಳಗಿನ ವಿಮಾನ ಹಿಡಿಯುವವನು ನಾನು. ಆ ವರ್ಷ ಒಂದು ದಿನ ವಿಮಾನ ಕಂಪನಿಯ ಮೆಸೇಜು 'ಸಮಯಕ್ಕೆ ಸರಿಯಾಗಿದೆ' ಎಂದಿತು. ಫೋನಿನ ಆ್ಯಪ್ ಒಂದು ಮೋಡದ ಚಿತ್ರ ತೋರಿಸಿತು, ಅಷ್ಟೇ. ಎರಡನ್ನೂ ನಂಬಿ ಹೋಗಿ ಆರು ಗಂಟೆ ನೆಲದ ಮೇಲೆ ಕೂತೆ. ತಣ್ಣಗಿನ ಸಮೋಸಾಕ್ಕೆ ಕೊಟ್ಟ ದುಡ್ಡು ಹೇಳಲ್ಲ ಬಿಡಿ. ಅಂದಿನಿಂದ ಭಾರತೀಯ ಹವಾಮಾನ ಇಲಾಖೆಯ ಸೈಟನ್ನೇ ನೋಡುತ್ತೇನೆ. ಪುಕ್ಕಟೆ. ಈಗ ಮೂರು ಚಳಿಗಾಲವಾಯಿತು.

ಹಿಂದಿನ ಸಂಜೆ ಬುಲೆಟಿನ್ ನೋಡಬೇಕು. ಎಚ್ಚರಿಕೆಯ ಮಟ್ಟಕ್ಕೆ ತಕ್ಕಂತೆ ಜಿಲ್ಲೆಗೊಂದು ಬಣ್ಣ ಕೊಟ್ಟಿರುತ್ತಾರೆ. 'ದಟ್ಟ' ಅಂದರೆ 50ರಿಂದ 200 ಮೀಟರ್‌ವರೆಗೆ ಕಾಣುತ್ತದೆ, 'ಅತಿ ದಟ್ಟ' ಅಂದರೆ 50 ಮೀಟರೂ ಕಾಣುವುದಿಲ್ಲ. ಈ ಅಂಕಿ ನನಗೇಕೆ ಬೇಕು ಅಂತೀರಾ? ಕ್ಯಾಟ್ ತ್ರೀ ಬಿ, ಅಂದರೆ ದಟ್ಟ ಮಂಜಿನಲ್ಲಿ ಉಪಕರಣಗಳ ನೆರವಿನಿಂದ ಇಳಿಯುವ ತರಬೇತಿಯಾದ ಪೈಲಟ್ ದೆಹಲಿಯಲ್ಲಿ ಇಳಿಯಲು ರನ್‌ವೇ ಮೇಲೆ 50 ಮೀಟರ್ ಕಂಡರೆ ಸಾಕು. ಏರಲು ಮಾತ್ರ 125 ಬೇಕು. ಹಾಗಾಗಿ ನಿಮ್ಮ ವಿಮಾನ ಕಣ್ಣೆದುರೇ ಬಂದು ನಿಂತಿರುತ್ತದೆ, ಹೊರಡುವುದಿಲ್ಲ. ಇದು ಗೊತ್ತಾದ ಮೇಲೆ ಕೌಂಟರಿನ ಹುಡುಗಿಯ ಮೇಲೆ ಕೂಗಾಡುವುದು ಬಿಟ್ಟೆ.

ನನಗೆ ಜಾಸ್ತಿ ಇಷ್ಟ ಇನ್ಸಾಟ್ ಉಪಗ್ರಹದ ಚಿತ್ರ. ಬೆಳಿಗ್ಗೆ ನೋಡಿದರೆ ಪಂಜಾಬಿನಿಂದ ಬಿಹಾರದವರೆಗೆ ಹಾಲು ಚೆಲ್ಲಿದ ಹಾಗಿರುತ್ತದೆ. ಉತ್ತರಕ್ಕೆ ಹಿಮಾಲಯದ ಬುಡದಲ್ಲಿ ಗೆರೆ ಎಳೆದಂತೆ ನಿಂತುಬಿಡುತ್ತದೆ. ಮೇಲೆ ಮೋಡ ಕವಿದ ದಿನ ಮಾತ್ರ ಕೆಳಗಿನ ಮಂಜು ಉಪಗ್ರಹಕ್ಕೆ ಕಾಣಲ್ಲ.

ಮಂಜು ಬರುತ್ತದೋ ಇಲ್ಲವೋ ಎನ್ನುವುದಕ್ಕೆ ಈ ಮುನ್ಸೂಚನೆ ಚೆನ್ನಾಗಿದೆ. ಎಷ್ಟೊತ್ತಿಗೆ ಬಿಡುತ್ತದೆ ಎನ್ನುವುದಕ್ಕೆ ಅಷ್ಟಿಲ್ಲ. ಅದು ಕಷ್ಟವೂ ಹೌದು. ಮಂಜು ಕವಿಯಲು ಮಳೆ ಬಂದು ಹೋಗಿ ಆಕಾಶ ತಿಳಿಯಾಗಬೇಕು, ನೀರು ಹಾಯಿಸಿದ ಗೋಧಿ ಹೊಲದ ತೇವ ಇರಬೇಕು, ರಾತ್ರಿ ನೆಲ ತಣ್ಣಗಾಗಬೇಕು. ಗಾಳಿ ಸ್ವಲ್ಪ ಜೋರಾದರೆ ಮಂಜು ಚದುರುತ್ತದೆ. ಪೂರ್ತಿ ನಿಂತರೆ ತೇವವೆಲ್ಲ ಇಬ್ಬನಿಯಾಗಿ ನೆಲ ಸೇರುತ್ತದೆ. ಇಷ್ಟು ನಾಜೂಕು! ಪುಣೆಯ ಐಐಟಿಎಂ ಎಂಬ ಹವಾಮಾನ ಸಂಶೋಧನಾ ಸಂಸ್ಥೆಯವರು 2015ರ ಚಳಿಗಾಲದಿಂದ ದೆಹಲಿ ವಿಮಾನ ನಿಲ್ದಾಣದಲ್ಲೇ ಉಪಕರಣ ಇಟ್ಟು 'ವೈಫೆಕ್ಸ್' ಹೆಸರಿನಲ್ಲಿ ಇದನ್ನೇ ಅಳೆಯುತ್ತಿದ್ದಾರೆ.

ಕಾರಿನಲ್ಲಿ ಹೋಗುವವರಿಗೆ ಇದು ಅಷ್ಟು ಸಾಲದು. ಇಡೀ ಜಿಲ್ಲೆಗೆ ಒಂದೇ ಬಣ್ಣ ಇದ್ದರೆ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಲದ ಪಕ್ಕ ದಿಢೀರನೆ ಎದುರಾಗುವ ಬಿಳಿ ಗೋಡೆ ಯಾರಿಗೆ ಗೊತ್ತಾಗಬೇಕು? ವಿಮಾನದವರಿಗೆ ನಾಲ್ಕು ಸ್ಟಾರ್, ರಸ್ತೆಯವರಿಗೆ ಎರಡೂವರೆ.

ಹೋದ ಜನವರಿಯಲ್ಲಿ ಸಂಜೆ ಬುಲೆಟಿನ್‌ನಲ್ಲಿ ಕಿತ್ತಳೆ ಬಣ್ಣ ನೋಡಿ ಟಿಕೆಟ್ಟನ್ನು ಮಧ್ಯಾಹ್ನಕ್ಕೆ ಬದಲಿಸಿಕೊಂಡೆ. ಸಹೋದ್ಯೋಗಿ ನಕ್ಕ. ಬೆಳಗಿನ ವಿಮಾನದವನು ನನಗಿಂತ ನಲವತ್ತು ನಿಮಿಷ ತಡವಾಗಿ ಬೆಂಗಳೂರಿನಲ್ಲಿ ಇಳಿದ.

ಇನ್ನೊಂದು ಹೇಳಬೇಕು. ಹೊರಡುವ ಮುಂಚೆ ಪಾಲಂನ, ಅಂದರೆ ದೆಹಲಿ ವಿಮಾನ ನಿಲ್ದಾಣದ, ಮೆಟಾರ್ ಎಂಬ ಹವಾಮಾನ ವರದಿಯನ್ನೂ ನೋಡಿ, ಅರ್ಧ ಗಂಟೆಗೊಮ್ಮೆ ಬರುತ್ತದೆ. ಎಫ್‌ಜಿ ಅಂದರೆ ಮಂಜು, ಬಿಆರ್ ಅಂದರೆ ತೆಳು ಮಂಜು. ಸಮಯ ಮಾತ್ರ ಗ್ರೀನ್‌ವಿಚ್‌ನದು, ಐದೂವರೆ ಗಂಟೆ ಕೂಡಿಸಿಕೊಳ್ಳಿ. ನಾನು ಮೊದಲ ವಾರ ಕೂಡಿಸದೆ, ರಾತ್ರಿಯ ವರದಿ ಓದುತ್ತಿದ್ದೇನೆ ಅಂದುಕೊಂಡಿದ್ದೆ.