ಜಿ.ಪಿ., ಐಸೊ, ವಿನೈಲ್ ಎಸ್ಟರ್: ನೀರಲ್ಲಿರುವ ಕೆಲಸಕ್ಕೆ ಯಾವುದು?

ಫೈಬರ್ ದೋಣಿಗೆ ಜಿ.ಪಿ. ರೆಸಿನ್ (ಗಾಜಿನ ನಾರನ್ನು ಹಿಡಿದಿಡುವ, ಸಾಮಾನ್ಯ ಬಳಕೆಯ ಪಾಲಿಯೆಸ್ಟರ್ ರಾಳ) ಧಾರಾಳ ಸಾಕು ಎನ್ನುವವರು ನಮ್ಮ ಕರಾವಳಿಯಲ್ಲಿ ಬಹಳ ಮಂದಿ. ಅಗ್ಗ, ಎಲ್ಲೆಡೆ ಸಿಗುತ್ತದೆ, ಮ್ಯಾಟ್ (ಗಾಜಿನ ನಾರಿನ ಹಾಸು) ಅದರಲ್ಲಿ ಬೇಗ ನೆನೆಯುತ್ತದೆ, ನಿಜ. ಆದರೆ ಜಿ.ಪಿ., ಐಸೊ (ಐಸೊಫ್ತಾಲಿಕ್ ಆಮ್ಲದ ಪಾಲಿಯೆಸ್ಟರ್), ವಿನೈಲ್ ಎಸ್ಟರ್ ಎಂಬ ಮೂರೂ ರೆಸಿನ್‌ಗಳಲ್ಲಿ ಒಂದೇ ದಪ್ಪದ ತುಂಡು ಮಾಡಿ, ಕೆಲವನ್ನು ಬಿಸಿನೀರಿಗೂ ಕೆಲವನ್ನು ಕಾಸ್ಟಿಕ್ ಸೋಡಾ ದ್ರಾವಣಕ್ಕೂ ಹಾಕಿ ನೋಡಿದ ಮೇಲೆ ನಾನು ಆ ಮಾತು ಒಪ್ಪಲಾರೆ.

ಮೊದಲು ಸೋತದ್ದು ಜಿ.ಪಿ. ಬಿಸಿನೀರಿನ ತುಂಡಿನ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳೆದ್ದವು. ಸೂಜಿಯಿಂದ ಚುಚ್ಚಿದರೆ ಅಂಟಂಟಾದ, ಹುಳಿ ವಾಸನೆಯ ದ್ರವ. ರೆಸಿನ್ನಿನ ಉದ್ದ ಸರಪಳಿಗಳನ್ನು ಹಿಡಿದಿರುವ ಎಸ್ಟರ್ ಕೊಂಡಿಗಳನ್ನು ನೀರು ಕಡಿದಾಗ ಆಮ್ಲ, ಗ್ಲೈಕಾಲ್ ಬಿಡುಗಡೆಯಾಗುತ್ತವೆ. ಅವು ಹೊರಗಿನಿಂದ ಇನ್ನಷ್ಟು ನೀರನ್ನು ಒಳಗೆಳೆಯುತ್ತವೆ, ಆ ಒತ್ತಡಕ್ಕೆ ಮೇಲ್ಪದರ ಉಬ್ಬುತ್ತದೆ. ಐಸೊಫ್ತಾಲಿಕ್ ಆಮ್ಲದಿಂದ ಇನ್ನೂ ಉದ್ದನೆಯ, ನೀರಿಗೆ ಸುಲಭವಾಗಿ ಬಗ್ಗದ ಸರಪಳಿ ಕಟ್ಟಬಹುದು. ಹಾಗಾಗಿ ಐಸೊ ತುಂಡು ಮಬ್ಬಾಯಿತೇ ಹೊರತು ಗುಳ್ಳೆ ಏಳಲಿಲ್ಲ.

ಕಾಸ್ಟಿಕ್‌ನಲ್ಲಿ ಗೆದ್ದದ್ದು ವಿನೈಲ್ ಎಸ್ಟರ್. ಅದರಲ್ಲಿ ಎಸ್ಟರ್ ಕೊಂಡಿಗಳಿರುವುದು ಸರಪಳಿಯ ತುದಿಗಳಲ್ಲಿ ಮಾತ್ರ, ಕ್ಷಾರಕ್ಕೆ ಕಡಿಯಲು ಸಿಗುವುದೇ ಕಮ್ಮಿ. ಬೆಲೆ ಮಾತ್ರ ಕೈ ಸುಡುತ್ತದೆ, ಹೆಚ್ಚು ಕಾಲ ಇಟ್ಟುಕೊಳ್ಳಲೂ ಆಗದು. ರೆಸಿನ್ ಗಟ್ಟಿಯಾಗಿಸುವ ಮಾಮೂಲಿ ಹಾರ್ಡನರ್ ಎಂ.ಇ.ಕೆ.ಪಿ. ಹಾಕಿದರೆ ಅದರಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್, ಕ್ರಿಯೆ ಚುರುಕಾಗಿಸಲು ಬೆರೆಸುವ ಕೋಬಾಲ್ಟ್ ಜೊತೆ ಸೇರಿ ನೊರೆ ಎಬ್ಬಿಸುತ್ತದೆ, ಸಣ್ಣ ಗಾಳಿಗುಳ್ಳೆಗಳು ಪದರದಲ್ಲೇ ಉಳಿಯುತ್ತವೆ. ಇದಕ್ಕೆಂದೇ ಬರುವ ಬೇರೆ ಹಾರ್ಡನರ್ ಕೇಳಿ ತರಬೇಕು.

ಆದರೂ ರೆಸಿನ್ ಹೆಸರಿಗಿಂತ ಅದು ಎಷ್ಟು ಪೂರ್ತಿ ಗಟ್ಟಿಯಾಗಿದೆ ಅನ್ನುವುದು ಮುಖ್ಯ. ಮೂರರಲ್ಲೂ ಸ್ಟೈರೀನ್ (ರೆಸಿನ್ನಿನಲ್ಲೇ ಬೆರೆತಿರುವ ತೆಳು ದ್ರವ) ಸರಪಳಿಗಳ ನಡುವೆ ಸೇತುವೆ ಕಟ್ಟಿದರಷ್ಟೇ ಗಟ್ಟಿತನ. ಉಳಿದ ಸ್ಟೈರೀನ್ ನಿಧಾನಕ್ಕೆ ಹೊರಬರುತ್ತದೆ, ಆ ಜಾಗಕ್ಕೆ ನೀರು ನುಗ್ಗುತ್ತದೆ. ಗಾಳಿಯ ಆಮ್ಲಜನಕ ಮೇಲ್ಮೈಯ ಕ್ರಿಯೆಯನ್ನು ತಡೆಯುವುದರಿಂದ ಕೊನೆಯ ಪದರಕ್ಕೆ ಮೇಣದ ದ್ರಾವಣ ಬೆರೆಸುತ್ತೇನೆ. ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿದಾಗ ಅಂಟಿದರೆ ಕೆಲಸ ಮುಗಿದಿಲ್ಲ ಎಂದೇ ಲೆಕ್ಕ. ಅರೆಬರೆ ಗಟ್ಟಿಯಾದ ಐಸೊಗಿಂತ ಸರಿಯಾಗಿ ಗಟ್ಟಿಯಾದ ಜಿ.ಪಿ. ಮೇಲು ಎಂಬುದು ನನ್ನ ಅಭಿಪ್ರಾಯ. ಮಳೆಗಾಲದ ಒದ್ದೆ ಮ್ಯಾಟ್‌ಗೆ ಯಾವ ರೆಸಿನ್ ಹಾಕಿದರೂ ಪ್ರಯೋಜನವಿಲ್ಲ.

ಈಗ ನಾನು ದೋಣಿಗೆ ಐಸೊ ಜೆಲ್‌ಕೋಟ್ (ಹೊರಮೈಯ ನುಣುಪು ಪದರ), ಅದರ ಹಿಂದಿನ ಎರಡು ಪದರವೂ ಐಸೊ, ಒಳಗೆ ಜಿ.ಪಿ. ಹಾಕುತ್ತೇನೆ. ಕಾಸ್ಟಿಕ್ ಟ್ಯಾಂಕಿನ ಒಳಮೈಗೆ ಮಾತ್ರ ವಿನೈಲ್ ಎಸ್ಟರ್. ಯಾವುದೇ ಇರಲಿ, ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಪೂರ್ತಿ ಬೆರೆಸಿ, ಆಮೇಲೆ 1–2% ಎಂ.ಇ.ಕೆ.ಪಿ. (ವಿನೈಲ್ ಎಸ್ಟರಿಗಾದರೆ ಅದರದೇ ಹಾರ್ಡನರ್) ಹಾಕಿ. ಅವೆರಡೂ ನೇರ ಕೂಡಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಲೇಬೇಡಿ.