ರಾಜದೂತ್ 350ಕ್ಕೆ ಆರ್‌ಡಿ 350 ಸರ್ವಿಸ್ ಮ್ಯಾನ್ಯುಯಲ್ ಸಾಕೇ? ಎಂಟು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ರಾಜದೂತ್ 350 ಅಂದರೆ 1983ರಿಂದ ಎಸ್ಕಾರ್ಟ್ಸ್ ನಮ್ಮಲ್ಲಿ ತಯಾರಿಸಿದ ಯಮಹಾ ಆರ್‌ಡಿ 350, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಬೈಕ್. ಹಾಗಾಗಿ ಬಿಚ್ಚಿ ಕಟ್ಟುವವರೆಲ್ಲ ಕೊನೆಗೆ ನೋಡುವುದು ಯಮಹಾದ 1970ರ ದಶಕದ ಸರ್ವಿಸ್ ಮ್ಯಾನ್ಯುಯಲ್ಲನ್ನೇ. ಎಂಟು ವರ್ಷದಿಂದ ಅದನ್ನೂ ಅದರ ಜೊತೆಯ ಪಾರ್ಟ್ಸ್ ಕೆಟಲಾಗನ್ನೂ ಬಳಸುತ್ತಿದ್ದೇನೆ. ಎರಡರಲ್ಲಿ ಒಂದೇ ಸಿಗುತ್ತದೆ ಅನ್ನುವುದಾದರೆ ಕೆಟಲಾಗನ್ನೇ ತೆಗೆದುಕೊಳ್ಳಿ.

ಕಾರಣ ಪಾರ್ಟ್ ನಂಬರ್. ಯಮಹಾ ನಂಬರಿನಲ್ಲಿ ಮೂರು ತುಂಡು ಇರುತ್ತವೆ. ಮೊದಲ ಮೂರು ಅಂಕಿ ಆ ಭಾಗವನ್ನು ಮೊದಲು ಯಾವ ಮಾಡೆಲ್ಲಿಗೆ ಮಾಡಿದರು ಅನ್ನುವುದನ್ನು ಹೇಳುತ್ತವೆ: 278 ಅಂದರೆ ಹಿಂದಿನ ಆರ್5, 351 ಅಂದರೆ ಆರ್‌ಡಿ 350, 521 ಅಂದರೆ ಆರ್‌ಡಿ 350ಬಿ. ನಡುವಿನ ಐದು ಅಂಕಿ ಅದು ಯಾವ ಭಾಗ ಎಂದು ಹೇಳುತ್ತವೆ: 11631 ಸ್ಟ್ಯಾಂಡರ್ಡ್ ಪಿಸ್ಟನ್, 11635 ಮೊದಲ ಓವರ್‌ಸೈಜ್ (ಸಿಲಿಂಡರ್ ಕೊರೆಸಿದ ಮೇಲೆ ಹಾಕುವ, 0.25 ಮಿ.ಮೀ. ದೊಡ್ಡ ಪಿಸ್ಟನ್), 11636 ಎರಡನೆಯದು (0.50), 16321 ಕ್ಲಚ್ಚಿನ ಫ್ರಿಕ್ಷನ್ ಪ್ಲೇಟ್. ಕೊನೆಯ ಎರಡು ಅಂಕಿ ನಂತರದ ತಿದ್ದುಪಡಿಗೆ.

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಸಾಮಾನುಗಳ ವಿಷಯದಲ್ಲಿ ನಂಬರೇ ಅಳತೆ. 93306-305 ಎಂದು ಶುರುವಾದರೆ ಅದು 6305 ಬೇರಿಂಗ್. 93102-25 ಎಂದಿದ್ದರೆ ಒಳವ್ಯಾಸ 25 ಮಿ.ಮೀ. ಇರುವ ಆಯಿಲ್ ಸೀಲ್. ಆಲನ್ ಬೋಲ್ಟಿನ ನಂಬರ್ 06020 ಎಂದು ಮುಗಿದರೆ 6 ಮಿ.ಮೀ. ದಪ್ಪ, 20 ಮಿ.ಮೀ. ಉದ್ದ. ಇದು ಗೊತ್ತಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 'ಆರ್‌ಡಿ ಸಾಮಾನು ಇದೆಯಾ' ಎಂದು ಅಂಗಡಿ ಅಂಗಡಿ ಸುತ್ತುವುದು ತಪ್ಪುತ್ತದೆ. ಸೀದಾ ಬೇರಿಂಗ್ ಅಂಗಡಿಗೆ ಹೋಗಿ ಅಳತೆ ಹೇಳಬಹುದು. ಆದರೆ ಕ್ರ್ಯಾಂಕಿನ ಬೇರಿಂಗಿಗೆ ಬರೀ 6305 ಎಂದು ಕೇಳಬೇಡಿ. ಹಳೆಯದರ ಮೇಲಿನ ಕ್ಲಿಯರೆನ್ಸ್ (ಒಳಗಿನ ಸಡಿಲ) ಗುರುತನ್ನೂ ಹೊರ ರಿಂಗಿನ ಲೊಕೇಟಿಂಗ್ ಪಿನ್ನಿನ ತೂತನ್ನೂ ನೋಡಿಕೊಂಡೇ ಕೊಳ್ಳಿ.

ಇನ್ನು ಸರ್ವಿಸ್ ಮ್ಯಾನ್ಯುಯಲ್. ಎಂಜಿನ್ ಅಧ್ಯಾಯ ಹೆಚ್ಚುಕಡಿಮೆ ಹಾಗೇ ಅನ್ವಯಿಸುತ್ತದೆ: ಬೋರ್ 64, ಸ್ಟ್ರೋಕ್ 54, ಒಟ್ಟು 347 ಸಿಸಿ, ಅಡ್ಡಕ್ಕೆ ಬೇರೆಯಾಗುವ ಕ್ರ್ಯಾಂಕ್‌ಕೇಸ್. ಪಾಯಿಂಟ್ (ಕಿಡಿ ಹೊತ್ತಿಸುವ ಸ್ವಿಚ್) ಗ್ಯಾಪ್ 0.30ರಿಂದ 0.40 ಮಿ.ಮೀ., ಟೈಮಿಂಗ್, ಅಂದರೆ ಕಿಡಿ ಹೊತ್ತುವ ಹೊತ್ತು, ಪಿಸ್ಟನ್ ತುದಿ ಮುಟ್ಟಲು 2.0 ಮಿ.ಮೀ. ಇರುವಾಗ. ಇದನ್ನು ಡಯಲ್ ಗೇಜಿನಲ್ಲೇ ನೋಡಬೇಕು, ಕಣ್ಣಂದಾಜು ಬೇಡ. ಮೊದಲು ಎರಡೂ ಪಾಯಿಂಟಿನ ಗ್ಯಾಪ್ ಹೊಂದಿಸಿ. ಆಮೇಲೆ ಗೇಜನ್ನು ಪ್ಲಗ್ಗಿನ ತೂತಿಗೆ ಹಾಕಿ, ಪಿಸ್ಟನ್ ತುದಿಗೆ ಬಂದಾಗ ಸೊನ್ನೆ ಮಾಡಿ, 4 ಮಿ.ಮೀ.ವರೆಗೆ ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ತಂದು 2.0ಗೆ ನಿಲ್ಲಿಸಿ. ಹಾಗೆ ಮಾಡದಿದ್ದರೆ ಅಳತೆಯಲ್ಲಿ ಭಾಗಗಳ ಸಡಿಲವೂ ಸೇರಿಬಿಡುತ್ತದೆ. ಪಾಯಿಂಟ್‌ಗಳು ಕೂತ ಇಡೀ ಪ್ಲೇಟ್ ತಿರುಗಿಸಿ ಒಂದು ಸಿಲಿಂಡರಿನ ಟೈಮಿಂಗ್ ಹೊಂದಿಸಿ, ನಂತರ ಅದರ ಮೇಲಿನ ಚಿಕ್ಕ ಪ್ಲೇಟಿನಿಂದ ಇನ್ನೊಂದರದು. ಗ್ಯಾಪನ್ನು ಆಮೇಲೆ ಮುಟ್ಟಿದರೆ ಟೈಮಿಂಗ್ ಮತ್ತೆ ಕೆಟ್ಟಿತು.

ಆಟೋಲೂಬ್ ಪಂಪಿನ (ಎಂಜಿನ್ನಿಗೆ ಟೂ-ಸ್ಟ್ರೋಕ್ ಆಯಿಲ್ ಕೊಡುವ ಪಂಪ್) ಪುಟ ಚಿನ್ನ. ಕನಿಷ್ಠ ಸ್ಟ್ರೋಕ್ 0.20ರಿಂದ 0.25 ಮಿ.ಮೀ. ಇರಬೇಕು. ಪಂಪನ್ನು ಕೈಯಲ್ಲಿ ತಿರುಗಿಸುತ್ತ ಫಿಲರ್ ಗೇಜಿನಿಂದ ನಾಲ್ಕೈದು ಸಲ ಅಳೆದು, ಸಿಕ್ಕ ಅತಿ ದೊಡ್ಡ ಅಂತರವನ್ನು ಹಿಡಿಯಿರಿ. ಕಡಿಮೆ ಇದ್ದರೆ ಶಿಮ್ (ತೆಳು ವಾಷರ್) ಸೇರಿಸಿ. ಆಯಿಲ್ ಪೈಪ್ ಒಮ್ಮೆ ಕಳಚಿದರೆ ಗಾಳಿ ತೆಗೆಯದೆ ಗಾಡಿ ಸ್ಟಾರ್ಟ್ ಮಾಡಲೇಬಾರದು.

ಬೋರ್ ಮಾಡಿಸುವಾಗ ಮಾತ್ರ ಮ್ಯಾನ್ಯುಯಲ್ಲಿನ ಪಿಸ್ಟನ್ ಕ್ಲಿಯರೆನ್ಸನ್ನು (ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಅಂತರ) ಕಣ್ಣುಮುಚ್ಚಿ ಅನುಸರಿಸಬೇಡಿ. ಅದು ಅಂದಿನ ಯಮಹಾ ಪಿಸ್ಟನ್ನಿಗೆ ಬರೆದದ್ದು. ಇಂದು ಸಿಗುವ ಪಿಸ್ಟನ್‌ಗಳ ಲೋಹ ಬೇರೆ, ಬಿಸಿಗೆ ಹಿಗ್ಗುವ ರೀತಿ ಬೇರೆ. ಪಿಸ್ಟನ್ ತಯಾರಕರು ಕೊಟ್ಟ ಅಳತೆಯನ್ನೇ ಬೋರಿಂಗ್ ಅಂಗಡಿಯವರಿಗೆ ಚೀಟಿಯಲ್ಲಿ ಬರೆದು ಕೊಡಿ. ಎರಡೂ ಪಿಸ್ಟನ್‌ಗಳನ್ನು ಬೇರೆಬೇರೆಯಾಗಿ ಅಳೆಸಿ.

ಮ್ಯಾನ್ಯುಯಲ್ ಕೈಕೊಡುವ ಜಾಗಗಳೂ ಇವೆ. ಮುಂದಿನ ಬ್ರೇಕ್ ಅದರಲ್ಲಿ ಡಿಸ್ಕ್, ನಮ್ಮದು ಡ್ರಮ್, ಎರಡು ಲೀಡಿಂಗ್ ಶೂ. ಆ ಅಧ್ಯಾಯ ಪೂರ್ತಿ ವ್ಯರ್ಥ. ಎರಡು ಕ್ಯಾಮ್‌ಗಳನ್ನು ಜೋಡಿಸುವ ರಾಡಿನ ಉದ್ದ ಸರಿಯಿಲ್ಲದಿದ್ದರೆ ಒಂದು ಶೂ ಮಾತ್ರ ಹಿಡಿಯುತ್ತದೆ. ಎಷ್ಟು ಹೊಸ ಲೈನರ್ ಹಾಕಿದರೂ ಬ್ರೇಕ್ ಸಾಲುವುದಿಲ್ಲ. ರಾಡ್ ಕಳಚಿ, ಎರಡೂ ಶೂಗಳು ಡ್ರಮ್ಮಿಗೆ ತಾಗುವವರೆಗೆ ಒಂದೊಂದೇ ಲಿವರ್ ತಿರುಗಿಸಿ, ಆ ಸ್ಥಿತಿಗೆ ರಾಡನ್ನು ಹೊಂದಿಸಿ.

ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ನಂಬರ್‌ಗಳೂ ಅಷ್ಟೆ. ಮ್ಯಾನ್ಯುಯಲ್ ಬರೆದದ್ದು 39 ಬಿಎಚ್‌ಪಿ ಗಾಡಿಗೆ. ನಮ್ಮಲ್ಲಿ ಬಂದ ಹೈ ಟಾರ್ಕ್ ಮಾಡೆಲ್ ಸುಮಾರು 30, ಮೈಲೇಜಿಗಾಗಿ ಬಂದ ಲೋ ಟಾರ್ಕ್ ಮಾಡೆಲ್ ಸುಮಾರು 27. ನಿಮ್ಮದು ಯಾವುದು ಎಂದು ಖಚಿತ ಮಾಡಿಕೊಳ್ಳದೆ ಜೆಟ್ ಬದಲಿಸಬೇಡಿ. ಇಂಗ್ಲೆಂಡಿಗಾಗಿ ಬರೆದ ಪುಸ್ತಕ ಸಿಕ್ಕಿದರೆ ಗೇರ್‌ಬಾಕ್ಸ್ ಅಧ್ಯಾಯ ಓದುವಾಗಲೂ ಜೋಪಾನ: ಅಲ್ಲಿ ಮೊದಮೊದಲು ಮಾರಿದ ಗಾಡಿಗಳಲ್ಲಿ ಆರನೇ ಗೇರ್ ತಡೆದು ಐದನ್ನಷ್ಟೇ ಕೊಟ್ಟಿದ್ದರು.

ಪುಸ್ತಕ ಒತ್ತಿ ಹೇಳದ, ಆದರೆ ಎಂಜಿನ್ ಉಳಿಸುವ ಕೆಲಸ ಒಂದಿದೆ: ಪ್ರೆಶರ್ ಟೆಸ್ಟ್. ಎಡಗಡೆ, ಪಾಯಿಂಟ್ ಇರುವ ಬದಿಯ ಕ್ರ್ಯಾಂಕ್ ಸೀಲ್ ಒಣಗಿ ಗಟ್ಟಿಯಾದರೆ ಗಾಳಿ ಒಳಗೆ ಎಳೆದು, ಮಿಶ್ರಣ ತೆಳುವಾಗಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬಲಗಡೆ ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ನಿಲ್ಲುವುದಿಲ್ಲ, ಆಯಿಲ್ ಮಟ್ಟ ಇಳಿಯುತ್ತಲೇ ಇರುತ್ತದೆ. ಎರಡೂ ಸಿಲಿಂಡರ್‌ಗಳ ಇನ್‌ಟೇಕ್, ಎಕ್ಸಾಸ್ಟ್‌ಗಳನ್ನು ರಬ್ಬರ್ ಹಾಕಿ ಮುಚ್ಚಿ, 6 ಪಿಎಸ್‌ಐ ಗಾಳಿ ತುಂಬಿ. 6 ನಿಮಿಷ ನಿಂತರೆ ಸರಿ. ಇಳಿದರೆ ಸೋಪಿನ ನೀರು ಹಚ್ಚಿ ನೊರೆ ಎಲ್ಲಿ ಬರುತ್ತದೆ ನೋಡಿ. ವರ್ಷಗಟ್ಟಲೆ ನಿಂತ ಗಾಡಿಯನ್ನು ಈ ಪರೀಕ್ಷೆ ಇಲ್ಲದೆ ಓಡಿಸುವುದು ಪಿಸ್ಟನ್ನಿಗೆ ಮಾಡುವ ಅನ್ಯಾಯ.

ವೈರಿಂಗ್ ನಕ್ಷೆ ಸ್ಕ್ಯಾನ್ ಪ್ರತಿಗಳಲ್ಲಿ ಕಪ್ಪುಬಿಳುಪು, ಅಕ್ಷರವೂ ಮಸುಕು. ಯಮಹಾ ಪದ್ಧತಿ ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು: ಕೆಂಪು ಬ್ಯಾಟರಿಯಿಂದ, ಕಂದು ಕೀ ಆನ್ ಮಾಡಿದ ಮೇಲಿನ ಕರೆಂಟು, ಕಪ್ಪು ಅರ್ತ್, ಎಡ ಇಂಡಿಕೇಟರಿಗೆ ಚಾಕೊಲೇಟ್ ಬಣ್ಣ, ಬಲಕ್ಕೆ ಗಾಢ ಹಸಿರು.

ಐದಕ್ಕೆ ಕೆಟಲಾಗಿಗೆ ಐದು, ಮ್ಯಾನ್ಯುಯಲ್ಲಿಗೆ ಮೂರೂವರೆ. ಎರಡರ ಜೊತೆಗೂ ಜೆಐಎಸ್ (ಜಪಾನಿನ ಕೈಗಾರಿಕಾ ಮಾನಕ) ಸ್ಕ್ರೂಡ್ರೈವರ್ ಒಂದು ಕೊಂಡಿಡಿ. ಪಕ್ಕದ ಕವರಿನ ಸ್ಕ್ರೂಗಳು ಜಪಾನಿ ಅಳತೆಯವು. ಸಾಮಾನ್ಯ ಫಿಲಿಪ್ಸ್ ಹಾಕಿ ತಿರುಗಿಸಿದರೆ ಜಾರಿ ತಲೆ ಸವೆಯುತ್ತದೆ, ಆಮೇಲೆ ಡ್ರಿಲ್ ಹಾಕಿಯೇ ತೆಗೆಯಬೇಕಾಗುತ್ತದೆ.