ಲಂಟಾನ ಕುರ್ಚಿ ಕೊಳ್ಳಬಹುದಾ?

ಮೈಸೂರಿನ ಕರಕುಶಲ ಮೇಳದಲ್ಲಿ ಕೊಂಡ ಲಂಟಾನ ಕುರ್ಚಿ ಈಗ ನಮ್ಮ ಜಗಲಿಯಲ್ಲಿದೆ. ನೋಡಿದವರೆಲ್ಲ ಬೆತ್ತದ್ದಾ ಅಂತ ಕೇಳುತ್ತಾರೆ. ಅಲ್ಲ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಾಡಿನ ಕಳೆಯಲ್ಲಿ ಮಾಡಿದ್ದು.

ಕುರ್ಚಿ ಗಟ್ಟಿಯಾಗಿದೆ. ನಮ್ಮ ಯಜಮಾನರು ಒಳ್ಳೆ ಮೈಕಟ್ಟಿನವರು, ದಿನಾ ಅದರಲ್ಲೇ ಕೂತು ಪೇಪರ್ ಓದುತ್ತಾರೆ. ಒಂದು ಕಡ್ಡಿಯೂ ಅಲುಗಿಲ್ಲ. ಕಾಂಡವನ್ನು ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ಸಿಪ್ಪೆಯ ಜೊತೆ ಮುಳ್ಳೂ ಹೋಗುತ್ತದೆ. ಕೈಯಿಡುವಲ್ಲಿ ಅಷ್ಟು ಬಾಗಿಸಿದ್ದರೂ ಎಲ್ಲೂ ಸೀಳಿಲ್ಲ, ಸವರಿದರೆ ಗೆಣ್ಣಿನ ಉಬ್ಬು ಮಾತ್ರ ಬೆರಳಿಗೆ ಸಿಗುತ್ತದೆ. ಪಕ್ಕದ ಹಲಗೆಗೆ ಹಿಡಿದ ಗೆದ್ದಲು ಇದನ್ನು ಮುಟ್ಟಿಲ್ಲ. ಬೆಲೆಯೂ ಬೆತ್ತಕ್ಕಿಂತ ಕಡಿಮೆ. ಇರಚಲು ಬಿದ್ದ ಕಡೆ ವಾರ್ನಿಷ್ ಎದ್ದಿದೆ, ಅದೊಂದು ಕೊರತೆ.

ಈ ಗಿಡ ನಿಮ್ಮೂರ ಬೇಲಿಯಲ್ಲೂ ಇರಬಹುದು. ಎಳೆ ಕಾಂಡ ಚೌಕವಾಗಿರುತ್ತದೆ. ಮೈಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು, ಸೀರೆ ಸಿಕ್ಕಿದರೆ ಬಿಡುವುದೇ ಇಲ್ಲ. ಎಲೆ ಒರಟು, ಉಜ್ಜಿದರೆ ಘಾಟು. ಹೂ ಹಳದಿಯಾಗಿ ಅರಳಿ ಆಮೇಲೆ ಬಣ್ಣ ಬದಲಿಸುತ್ತದೆ. ಹಾಗಾಗಿ ಒಂದೇ ಗೊಂಚಲಲ್ಲಿ ಹಳದಿ, ಗುಲಾಬಿ ಎರಡೂ ಕಾಣುತ್ತವೆ. ಕಪ್ಪು ಹಣ್ಣು ತಿಂದ ಪಿಕಳಾರದಂಥ ಹಕ್ಕಿಗಳು ಬೀಜವನ್ನು ಎಲ್ಲೆಲ್ಲೋ ಹಾಕುತ್ತವೆ.

19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದಕ್ಕೆಂದು ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದ ಅಮೆರಿಕ ಖಂಡದ ಗಿಡ ಇದು. ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ಆಳೆತ್ತರದ ಪೊದೆ. ಅದರ ಕೆಳಗೆ ಹುಲ್ಲು ಬೆಳೆಯದು, ಕಾಡಿನ ಸಸಿ ಏಳದು. ಜಿಂಕೆ ಏನು ತಿನ್ನಬೇಕು ಹೇಳಿ? ಹಸು ಈ ಎಲೆ ತಿಂದರೆ ಲಿವರ್ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಬೇಸಿಗೆಯಲ್ಲಿ ಒಣಗಿದ ಪೊದೆ ಬೆಂಕಿಯನ್ನು ಕೊಂಬೆಯವರೆಗೆ ಏರಿಸುತ್ತದೆ. ಬಿಳಿಗಿರಿಯಲ್ಲಿ ಸೋಲಿಗರು ಹಿಂದೆ ವರ್ಷದ ಆರಂಭದಲ್ಲೇ ಸಣ್ಣಗೆ ತರಗು ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿದ್ದು ಆ ಬೆಂಕಿ ನಿಂತದ್ದರಿಂದಲೇ ಅನ್ನುತ್ತಾರೆ ಅಲ್ಲಿನ ಹಿರಿಯರು. ಅವರ ಮಾತನ್ನು ಇನ್ನೂ ಜಾಸ್ತಿ ಕೇಳಬೇಕಿತ್ತು ಅನ್ನುವುದು ನನ್ನ ಅನಿಸಿಕೆ.

ಕುರ್ಚಿ ಕೊಂಡರೆ ಕಾಡಿನ ಕಳೆ ಹೋಗುತ್ತಾ? ಇಲ್ಲ. ಕುರ್ಚಿಗೆ ಬೇಕಾದದ್ದು ನೇರ ಕಾಂಡ ಮಾತ್ರ, ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಬೇರನ್ನು ಮಣ್ಣಿನೊಳಗೇ ಕತ್ತರಿಸಿ ಬುಡಮೇಲು ಮಾಡಿಡಬೇಕು, ಆಮೇಲೆ ಹುಟ್ಟುವ ಸಸಿಗಳನ್ನೂ ಕೀಳುತ್ತಿರಬೇಕು. ಆದರೂ ಕೊಳ್ಳಿ. ಬಿದಿರು, ಬೆತ್ತ ಕಡಿಯದೆ ಬೆಟ್ಟದವರ ಕೈಗೆ ಊರಲ್ಲೇ ಕೆಲಸ ಸಿಗುತ್ತದೆ. ಕೊಳ್ಳುವಾಗ ಕುರ್ಚಿ ಮಗುಚಿ ಮೊಳೆಗಳನ್ನು ನೋಡಿ, ತುದಿ ಹೊರಗಿದ್ದರೆ ಅಲ್ಲೇ ಬಡಿಸಿಕೊಳ್ಳಿ.